ರೈಲಿಲ್ಲದ ಊರುಗಳ ಪಕ್ಕದ ಎಂಜಿನ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬೆಳಗಾವಿ ಜಿಲ್ಲೆಯ ಈ ನಾಲ್ಕೂ ಊರುಗಳಿಗೆ ಇವತ್ತಿಗೂ ರೈಲಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ರೈಲಲ್ಲಿ ಬರೋ ಮಂದಿ ಧಾರವಾಡದಲ್ಲಿಳಿದು ಬಸ್ ಹತ್ತಬೇಕು. ಇನ್ನೂ ತಮಾಷೆ ಅಂದ್ರೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಕಿತ್ತೂರನ್ನು ಮುಟ್ಟೋದೇ ಇಲ್ಲ. ಧಾರವಾಡದಿಂದ ಅಳ್ನಾವರ, ಲೋಂಡಾ, ಖಾನಾಪುರ ಸುತ್ತಿ ಬೆಳಗಾವಿ ಸೇರುತ್ತದೆ. ರಾಣಿಯ ಹೆಸರಿನ ಗಾಡಿಗೆ ರಾಣಿಯ ಊರಿಗೇ ದಾರಿ ಇಲ್ಲ!

ಆದರೆ ಇದೇ ಊರುಗಳಿಂದ ಒಂದೆರಡು ತಾಸಿನ ದಾರಿಯ ಹುಬ್ಬಳ್ಳಿಯಲ್ಲಿ, ಭಾರತದ ಗೂಡ್ಸ್ ಗಾಡಿಗಳ ಚರಿತ್ರೆಯನ್ನೇ ಬದಲಿಸಿದ ಎಂಜಿನ್ ಒಂದು ಮನೆ ಮಾಡಿತು. ಅದರ ಹೆಸರು ಡಬ್ಲ್ಯೂಡಿಜಿ-4. ಬಿಡಿಸಿ ಹೇಳಿದರೆ ಡಬ್ಲ್ಯೂ ಅಂದ್ರೆ ಬ್ರಾಡ್‌ಗೇಜ್, ಡಿ ಡೀಸೆಲ್, ಜಿ ಗೂಡ್ಸ್, 4 ಅಂದ್ರೆ ನಾಲ್ಕು ಸಾವಿರ ಅಶ್ವಶಕ್ತಿ.

ಅದಕ್ಕೂ ಮೊದಲು ನಮ್ಮ ದೇಶದ ಡೀಸೆಲ್ ಅಂದರೆ ಆಲ್ಕೋ. ಅಮೆರಿಕದ ಆ ಕಂಪನಿಯ ವಿನ್ಯಾಸದ ಡಬ್ಲ್ಯೂಡಿಎಂ-2 ಬಂದದ್ದು 1962ರಲ್ಲಿ. 1964ರಿಂದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಅದನ್ನು ಇಲ್ಲೇ ಕಟ್ಟತೊಡಗಿತು. ಆಲ್ಕೋ 1969ರಲ್ಲಿ ಬಾಗಿಲು ಹಾಕಿತು. ನಾವು ಮಾತ್ರ ಅದೇ ವಿನ್ಯಾಸವನ್ನು ತಿದ್ದಿ ತೀಡಿ ದಶಕಗಟ್ಟಲೆ ನಡೆಸಿದೆವು. ಸಾಫ್ಟ್‌ವೇರಿನವರಿಗೆ ಈ ಕಥೆ ಹೊಸದೇನಲ್ಲ: ಮೂಲ ಕಂಪನಿ ಮುಚ್ಚಿಹೋದ ಮೇಲೂ ಹಳೇ ಕೋಡನ್ನು ಪ್ಯಾಚ್ ಹಾಕಿ ಹಾಕಿ ಓಡಿಸೋದು.

1995ರಲ್ಲಿ ರೈಲ್ವೆ, ಜನರಲ್ ಮೋಟಾರ್ಸ್‌ನ ಡೀಸೆಲ್ ವಿಭಾಗದ ಜೊತೆ ಒಪ್ಪಂದ ಮಾಡಿಕೊಂಡಿತು. 21 ಎಂಜಿನ್, 13 ಸಿದ್ಧವಾಗಿ ಬರುವಂಥವು, 8 ಬಿಡಿಭಾಗಗಳಾಗಿ ಬಂದು ವಾರಾಣಸಿಯಲ್ಲಿ ಜೋಡಿಸುವಂಥವು. ಜೊತೆಗೆ ತಂತ್ರಜ್ಞಾನವೂ ನಮಗೆ. 1999ರಲ್ಲಿ ಅವು ಬಂದವು. ನಂಬರ್ 12001ರಿಂದ ಶುರು. ಮನೆ ಹುಬ್ಬಳ್ಳಿ ಶೆಡ್.

ಹುಬ್ಬಳ್ಳಿಯೇ ಯಾಕೆ? ನಕಾಶೆ ನೋಡಿ. ಪಶ್ಚಿಮಕ್ಕೆ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯೋ ಬ್ರಗಾಂಜಾ ಘಾಟ್ ಇದೆ. ದೂಧಸಾಗರ ಜಲಪಾತ ಇರೋದು ಇದೇ ದಾರಿಯಲ್ಲಿ. ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ರಸ್ತೆಗೆ ಇದೇನೂ ಅಲ್ಲ, ರೈಲಿಗೆ ಇದು ಗೋಡೆ. ಬಳ್ಳಾರಿ-ಹೊಸಪೇಟೆ ಕಡೆಯ ಅದಿರು ಮುರಗಾಂವ್ ಬಂದರಿಗೆ ಇಳಿಯಬೇಕು, ಬಂದರಿನ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಏರಬೇಕು.

ಲೆಕ್ಕ ಹಾಕೋಣ. ತುಂಬಿದ ಕಲ್ಲಿದ್ದಲು ಗಾಡಿಯ ಭಾರ ನಾಲ್ಕೂವರೆ ಸಾವಿರ ಟನ್ ಅಂದುಕೊಳ್ಳಿ. ಅದನ್ನು 37 ರಿಂದ ಭಾಗಿಸಿ. ಗಾಡಿ ಹಿಂದಕ್ಕೆ ಜಾರದೆ ನಿಲ್ಲೋಕೇ ಸುಮಾರು 120 ಟನ್ ಎಳೆತ ಬೇಕು. ಡಬ್ಲ್ಯೂಡಿಎಂ-2ರ ಆರಂಭಿಕ ಎಳೆತ ಸುಮಾರು 30 ಟನ್. ಡಬ್ಲ್ಯೂಡಿಜಿ-4ರದು 54! ಅದಕ್ಕೇ ಇವತ್ತೂ ಘಾಟಿನಲ್ಲಿ ಮುಂದೆ ಎರಡು-ಮೂರು, ಹಿಂದೆ ತಳ್ಳೋಕೆ ಎರಡು-ಮೂರು ಎಂಜಿನ್ ಕಾಣೋದು. ಎಂಜಿನ್ನುಗಳ ತೂಕವನ್ನೂ ಅವೇ ಹೊರಬೇಕಲ್ಲ, ತಿರುವುಗಳ ಉಜ್ಜಾಟ ಬೇರೆ.

ಈ 54 ಟನ್ ಎಲ್ಲಿಂದ ಬಂತು? ತೂಕದಿಂದಲ್ಲ. ಹಳೆಯದು 113 ಟನ್, ಹೊಸದು 126, ಅಷ್ಟೇ ವ್ಯತ್ಯಾಸ. ಗುಟ್ಟು ಮೋಟಾರಿನಲ್ಲಿದೆ. ಆಲ್ಕೋದ ಡಿಸಿ ಮೋಟಾರಿಗೆ ಬ್ರಷ್, ಕಮ್ಯುಟೇಟರ್ ಇರುತ್ತವೆ. ಏರಿನಲ್ಲಿ ನಿಧಾನವಾಗಿ ಬಹಳ ಹೊತ್ತು ಎಳೆದರೆ ಸುಟ್ಟೇ ಹೋಗಬಹುದು. ಹೊಸ ಎಂಜಿನ್ನಿನಲ್ಲಿ 16 ಸಿಲಿಂಡರಿನ ಟೂ-ಸ್ಟ್ರೋಕ್ ಡೀಸೆಲ್ ಕರೆಂಟ್ ಹುಟ್ಟಿಸುತ್ತದೆ, ಇನ್ವರ್ಟರುಗಳು ಅದನ್ನು ಬೇಕಾದ ಆವರ್ತನದ ತ್ರೀ-ಫೇಸ್ ಎಸಿ ಮಾಡಿ ಬ್ರಷ್ ಇಲ್ಲದ ಮೋಟಾರಿಗೆ ಕೊಡುತ್ತವೆ. ತಳದಲ್ಲಿರೋ ರಾಡಾರ್ ನೆಲದ ಮೇಲಿನ ನಿಜವಾದ ವೇಗ ಅಳೆಯುತ್ತದೆ. ಗಾಲಿ ಅದಕ್ಕಿಂತ ಹೆಚ್ಚು ತಿರುಗಿದರೆ ಜಾರುತ್ತಿದೆ ಅಂತ ಅರ್ಥ. ಕಂಪ್ಯೂಟರ್ ಕೂಡಲೇ ಕರೆಂಟ್ ಹದ ಮಾಡುತ್ತದೆ. ಮಳೆಗಾಲದ ದೂಧಸಾಗರದಲ್ಲಿ ಒದ್ದೆ ಹಳಿಯ ಮೇಲೆ ಗಾಡಿಯನ್ನು ಹಿಡಿದು ನಿಲ್ಲಿಸೋದರಲ್ಲಿ ಉಕ್ಕಿನಷ್ಟೇ ಪಾಲು ಸಾಫ್ಟ್‌ವೇರಿನದು. ಇಳಿಯುವಾಗ ಅದೇ ಮೋಟಾರುಗಳು ಜನರೇಟರಾಗಿ ಗಾಡಿಯ ವೇಗ ತಡೆಯುತ್ತವೆ.

ದೋಷಗಳೂ ಇದ್ದವು. ಒಂದು ಇನ್ವರ್ಟರಿಗೆ ಮೂರು ಮೋಟಾರ್. ಅದು ಕೈಕೊಟ್ಟರೆ ಅರ್ಧ ಎಂಜಿನ್ ಹೋದಂತೆ. ಚಾಲಕನ ಕೋಣೆ ಒಂದೇ ತುದಿಯಲ್ಲಿ. ತಿರುಗಿಸದೆ ಓಡಿಸಿದರೆ ಉದ್ದ ಮೂತಿಯ ಆಚೆ ಸಿಗ್ನಲ್ ಕಾಣೋದೇ ಕಷ್ಟ. ಘಾಟಿನ ತಿರುವು, ಸುರಂಗಗಳಲ್ಲಿ ಯೋಚಿಸಿ ನೋಡಿ. ಮುಂದೆ ಒಂದೊಂದು ಅಚ್ಚಿಗೂ ಬೇರೆ ನಿಯಂತ್ರಣ ಬಂತು, ಶಕ್ತಿ 4500ಕ್ಕೆ ಏರಿತು, 2012ರಲ್ಲಿ ಎರಡೂ ತುದಿಗೆ ಕೋಣೆ ಇರೋ ಡಬ್ಲ್ಯೂಡಿಜಿ-4ಡಿ ಬಂತು. ಲೋಕೋ ಪೈಲಟ್‌ಗಳ ಕಷ್ಟ ವಿನ್ಯಾಸಕಾರರ ಮೇಜಿಗೆ ಮುಟ್ಟೋಕೆ ಹದಿಮೂರು ವರ್ಷ ಬೇಕಾಯ್ತು.

ಈಗ ಹಳಿಗಳ ಮೇಲೆ ವಿದ್ಯುತ್ ತಂತಿ ಬರುತ್ತಿದೆ. ವಾರಾಣಸಿಯ ಕಾರ್ಖಾನೆ 2020ರಲ್ಲಿ ಹೆಸರಿನಿಂದಲೇ ಡೀಸೆಲ್ ತೆಗೆದು ಬನಾರಸ್ ಲೋಕೋಮೋಟಿವ್ ವರ್ಕ್ಸ್ ಆಯ್ತು. ಅದೇ ಹೊತ್ತಿಗೆ ಕಿತ್ತೂರಿನ ಮೇಲೆ ಹಾಯುವ 73 ಕಿ.ಮೀ.ಗಳ ಧಾರವಾಡ-ಬೆಳಗಾವಿ ನೇರ ಮಾರ್ಗಕ್ಕೆ ಒಪ್ಪಿಗೆಯೂ ಸಿಕ್ಕಿತು. ಅದರ ಬೆನ್ನು ಹತ್ತಿದ್ದ ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿ ಆ ವರ್ಷವೇ ತೀರಿಕೊಂಡರು. ಲೋಕಾಪುರ, ರಾಮದುರ್ಗ, ಸವದತ್ತಿ ಮೇಲೆ ಧಾರವಾಡಕ್ಕೆ ಮಾರ್ಗ ಬೇಕು ಅನ್ನೋದು ಇನ್ನೂ ಬೇಡಿಕೆಯಾಗಿಯೇ ಇದೆ.

ಬೈಲಹೊಂಗಲ ಸೀಮೆಯಲ್ಲಿ ಬೆಳೆದ ನನಗೆ ಡೀಸೆಲ್ ಹೋಗೋದರ ಬಗ್ಗೆ ದೊಡ್ಡ ದುಃಖ ಇಲ್ಲ. ಹೊಗೆ ಕಡಿಮೆಯಾದರೆ ಒಳ್ಳೆಯದೇ. ದುಃಖ ಇರೋದು ಬೇರೆ. ನೂರು ಮೈಲಿ ಆಚೆಯ ಅದಿರಿಗಾಗಿ ಸಹ್ಯಾದ್ರಿಯ ಗೋಡೆ ಹತ್ತೋ ಎಂಜಿನ್ ತರಿಸಿಕೊಂಡೆವು. ಹತ್ತಿ, ಕಬ್ಬು, ಜೋಳ ಬೆಳೆಯೋ ನಮ್ಮ ಸಪಾಟು ಎರೆಭೂಮಿಗೆ ಮಾತ್ರ ಹಳಿ ಹಾಕೋಕೆ ಆಗಲಿಲ್ಲ. ಉಗಿಬಂಡಿಯ ಕಾಲ ಇವನ್ನು ದಾಟಿ ಹೋಯಿತು, ಡೀಸೆಲ್ ಕಾಲವೂ ದಾಟಿ ಹೋಗುತ್ತಿದೆ. ಎಲೆಕ್ಟ್ರಿಕ್ ಕಾಲವಾದರೂ ನಿಂತು ಹೋಗಲಿ.