ಮದ್ದು ನಿಂತರೂ ಮರೆಯದ ರೋಗಾಣು

ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಆಮಶಂಕೆ ಊರೂರಿನ ಪಿಡುಗಾಗಿತ್ತು. ಆ ರೋಗದ ಬ್ಯಾಕ್ಟೀರಿಯವನ್ನು 1897ರಲ್ಲಿ ಪತ್ತೆ ಹಚ್ಚಿದವರೂ ಜಪಾನಿನ ಕಿಯೊಶಿ ಶಿಗಾ ಅವರೇ. ಶಿಗೆಲ್ಲ ಎಂಬ ಹೆಸರು ಬಂದದ್ದು ಅವರಿಂದ. ಯುದ್ಧದ ನಂತರ ಸಲ್ಫಾ ಮಾತ್ರೆಗಳು ಧಾರಾಳವಾಗಿ ಬಳಕೆಗೆ ಬಂದವು, ಆದರೆ ಕೆಲವೇ ವರ್ಷಗಳಲ್ಲಿ ರೋಗಿಗಳಲ್ಲಿ ಸಿಗುವ ಶಿಗೆಲ್ಲಗಳ ಪೈಕಿ ಹೆಚ್ಚಿನವು ಸಲ್ಫಾಕ್ಕೆ ಜಗ್ಗದಾದವು. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್‌ಗಳತ್ತ ವೈದ್ಯರು ತಿರುಗಿದರು. 1955ರಲ್ಲಿ ಹಾಂಗ್‌ಕಾಂಗ್‌ನಿಂದ ಮರಳಿದ ಒಬ್ಬ ಮಹಿಳೆಯಲ್ಲಿ ಸಿಕ್ಕ ಶಿಗೆಲ್ಲ ಈ ನಾಲ್ಕೂ ಔಷಧಗಳನ್ನು ಒಟ್ಟಿಗೇ ತಡೆದುಕೊಂಡಿತು. ಮುಂದಿನ ವರ್ಷಗಳಲ್ಲಿ ಅಂಥ ತಳಿಗಳು ಹೆಚ್ಚುತ್ತಲೇ ಹೋದವು. ಆ ಕಾಲದ ಪಾಠದ ಪ್ರಕಾರ ಇದು ಆಗುವಂಥದ್ದೇ ಅಲ್ಲ. ಒಂದು ಔಷಧವನ್ನು ತಾಳಿಕೊಳ್ಳುವ ರೂಪಾಂತರವೇ ಕೋಟ್ಯಂತರ ಕೋಶಗಳಲ್ಲಿ ಒಂದಕ್ಕೆ ಒದಗುವುದು ಕಷ್ಟ. ನಾಲ್ಕೂ ಒಂದೇ ಕೋಶಕ್ಕೆ ಒಟ್ಟಿಗೆ ಒದಗುವುದೆಂದರೆ ಲೆಕ್ಕಕ್ಕೇ ಸಿಗದ ಮಾತು. ಸಾಲದ್ದಕ್ಕೆ, ಒಂದೇ ಔಷಧ ಕೊಟ್ಟಿದ್ದ ರೋಗಿಯ ಮಲದಲ್ಲೂ ನಾಲ್ಕನ್ನೂ ತಡೆಯುವ ಶಿಗೆಲ್ಲ ಕಾಣಿಸುತ್ತಿತ್ತು. ಅದೇ ರೋಗಿಯ ಕರುಳಿನಲ್ಲಿ ನಿರುಪದ್ರವಿಯಾಗಿ ಬದುಕಿದ್ದ ಇ. ಕೋಲಿಯಲ್ಲೂ ಅದೇ ನಾಲ್ಕರ ಗುಂಪು ಇರುತ್ತಿತ್ತು.

ಗಂಟು ಬಿಚ್ಚಿದ್ದು ಈ ಕೊನೆಯ ಸುಳಿವಿನಿಂದ. 1959ರಲ್ಲಿ ಒಚಿಯಾಯ್ ಮತ್ತು ಅಕಿಬಾ ಅವರ ತಂಡಗಳು ನಿರೋಧಕ ಇ. ಕೋಲಿಯನ್ನೂ ಔಷಧಕ್ಕೆ ಸುಲಭವಾಗಿ ಸಾಯುವ ಶಿಗೆಲ್ಲವನ್ನೂ ಒಂದೇ ಸಾರಿನಲ್ಲಿ ಬೆಳೆಸಿ ನೋಡಿದವು. ಇಂಥ ಮಿಶ್ರಣವನ್ನು ಔಷಧ ಬೆರೆಸಿದ ತಟ್ಟೆಯ ಮೇಲೆ ಹರಡಿದರೆ ಇ. ಕೋಲಿ ಮಾತ್ರ ಉಳಿಯಬೇಕಿತ್ತು. ಶಿಗೆಲ್ಲವೂ ಎದ್ದು ಬಂತು, ನಾಲ್ಕೂ ಔಷಧಗಳ ನಿರೋಧವನ್ನು ಒಟ್ಟಿಗೆ ಹೊತ್ತುಕೊಂಡು. ಇ. ಕೋಲಿ ಬೆಳೆದ ಸಾರನ್ನು ಸೋಸಿ, ಕೋಶಗಳೇ ಇಲ್ಲದ ದ್ರವವನ್ನು ಕೊಟ್ಟಾಗ ಏನೂ ದಾಟಲಿಲ್ಲ. ಅಂದರೆ ಕೋಶಕ್ಕೆ ಕೋಶ ತಾಗಬೇಕು. ತಾಗಿದಾಗ ಡಿಎನ್‌ಎಯ ಒಂದು ಪುಟ್ಟ ಉಂಗುರ ನಕಲಾಗಿ ಅತ್ತ ಸಾಗುತ್ತದೆ. ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ ಉಳಿಯುವ ಇಂಥ ತುಣುಕುಗಳಿಗೆ ಜೋಶುವಾ ಲೆಡರ್‌ಬರ್ಗ್ 1952ರಲ್ಲೇ ಪ್ಲಾಸ್ಮಿಡ್ ಎಂದು ಹೆಸರಿಟ್ಟಿದ್ದರು. ಜಪಾನಿನ ವರದಿಗಳು ಬಹುಪಾಲು ಜಪಾನೀ ಭಾಷೆಯಲ್ಲೇ ಇದ್ದವು. 1963ರಲ್ಲಿ ತ್ಸುತೊಮು ವತನಾಬೆ ಇಂಗ್ಲಿಷಿನಲ್ಲಿ ದೀರ್ಘ ಲೇಖನ ಬರೆದ ಮೇಲೆಯೇ ಪಶ್ಚಿಮದ ಪ್ರಯೋಗಾಲಯಗಳು ನಿಜವಾಗಿ ಕಿವಿಗೊಟ್ಟವು.

ಔಷಧದ ಬಳಕೆ ನಿಲ್ಲಿಸಿದರೆ ನಿರೋಧವೂ ತಾನಾಗಿ ಸೋರಿಹೋಗುತ್ತದೆಂಬ ನಂಬಿಕೆಯನ್ನು ಈ ಇತಿಹಾಸ ಅಲ್ಲಾಡಿಸುತ್ತದೆ. ನಂಬಿಕೆಯ ಹಿಂದೆ ತರ್ಕವಿಲ್ಲದಿಲ್ಲ. ಪ್ಲಾಸ್ಮಿಡ್ ಹೊರುವುದು ಬ್ಯಾಕ್ಟೀರಿಯಕ್ಕೆ ಹೊರೆಯೇ. ನಕಲು ಮಾಡಬೇಕು, ಅದರ ಪ್ರೋಟೀನುಗಳನ್ನು ತಯಾರಿಸಬೇಕು. ಔಷಧವಿಲ್ಲದ ಕಡೆ ಆ ಖರ್ಚಿಲ್ಲದ ನೆರೆಯ ಕೋಶಗಳೇ ಮುಂದೆ ಹೋಗಬೇಕು. ಆದರೆ ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ಸಲ್ಫಾ ಔಷಧಗಳ ಬಳಕೆ ಶೇ. 97ರಷ್ಟು ಕುಸಿದರೂ ಅಲ್ಲಿನ ಆಸ್ಪತ್ರೆಯೊಂದರ ಇ. ಕೋಲಿಗಳಲ್ಲಿ ಸಲ್ಫಾ ನಿರೋಧ ಇಳಿಯಲಿಲ್ಲ. 1991ರಲ್ಲಿ ಸುಮಾರು ಶೇ. 40 ಇದ್ದದ್ದು 1999ಕ್ಕೆ ಶೇ. 46 ಆಗಿತ್ತು. ಹೊರೆಯ ಲೆಕ್ಕ ಎಲ್ಲಿ ತಪ್ಪಿತು? ಮೊದಲನೆಯದಾಗಿ, ಹೊರೆ ಹೊರೆಯಾಗಿಯೇ ಉಳಿಯುವುದಿಲ್ಲ. ಬೌಮಾ ಮತ್ತು ಲೆನ್‌ಸ್ಕಿ 1988ರಲ್ಲಿ ತೋರಿಸಿದಂತೆ, ಪ್ಲಾಸ್ಮಿಡ್ ಹೊತ್ತು 500 ಪೀಳಿಗೆ ಕಳೆದ ಇ. ಕೋಲಿ ಅದಕ್ಕೆ ಎಷ್ಟು ಒಗ್ಗಿಕೊಂಡಿತೆಂದರೆ, ಔಷಧವೇ ಇಲ್ಲದಾಗಲೂ ಪ್ಲಾಸ್ಮಿಡ್ ಇದ್ದ ಕೋಶವೇ ಇಲ್ಲದ್ದಕ್ಕಿಂತ ಚೆನ್ನಾಗಿ ಬೆಳೆಯಿತು. ಇನ್ನೊಂದು ಉಪಾಯ ಕ್ರೂರವಾದದ್ದು. ಒಗುರಾ ಮತ್ತು ಹಿರಾಗಾ 1983ರಲ್ಲಿ ವಿವರಿಸಿದ ವ್ಯವಸ್ಥೆಯಲ್ಲಿ ಪ್ಲಾಸ್ಮಿಡ್ ಒಂದು ವಿಷವನ್ನೂ ಅದರ ಪ್ರತಿವಿಷವನ್ನೂ ತಾನೇ ಮಾಡಿಸುತ್ತದೆ. ವಿಷ ಬಹುಕಾಲ ಬಾಳುತ್ತದೆ, ಪ್ರತಿವಿಷ ಬೇಗ ಕರಗುತ್ತದೆ. ಕೋಶ ಒಡೆಯುವಾಗ ಪ್ಲಾಸ್ಮಿಡ್ ಕಳೆದುಕೊಂಡ ಮರಿಗೆ ಪ್ರತಿವಿಷದ ಹೊಸ ಸರಬರಾಜು ನಿಲ್ಲುತ್ತದೆ, ಉಳಿದ ವಿಷ ಅದರ ಬೆಳವಣಿಗೆಯನ್ನೇ ಕೆಡಿಸುತ್ತದೆ.

ಡೆನ್ಮಾರ್ಕಿನ ಉದಾಹರಣೆಯನ್ನು ಇದಕ್ಕೆ ಎದುರಾಗಿ ಒಡ್ಡುವವರಿದ್ದಾರೆ. ಅಲ್ಲಿ 1995ರಲ್ಲಿ ಪಶು ಆಹಾರದಲ್ಲಿ ವ್ಯಾಂಕೊಮೈಸಿನ್ ಬಳಗದ್ದೇ ಆದ ಅವೊಪಾರ್ಸಿನ್ ಔಷಧವನ್ನು ನಿಷೇಧಿಸಿದ ಮೇಲೆ ಕೋಳಿಗಳಲ್ಲಿ ವ್ಯಾಂಕೊಮೈಸಿನ್ ನಿರೋಧಕ ಎಂಟರೊಕಾಕಸ್ ಬ್ಯಾಕ್ಟೀರಿಯ ನಿಜಕ್ಕೂ ಇಳಿಯಿತು. ಇದನ್ನು ಅಲ್ಲಗಳೆಯುವುದು ಬೇಡ. ಆದರೆ ಅದೇ ದೇಶದ ಹಂದಿಗಳಲ್ಲಿ ಇಳಿಯಲಿಲ್ಲ. ಅಲ್ಲಿ ವ್ಯಾಂಕೊಮೈಸಿನ್ ನಿರೋಧದ ಜೀನ್ ಮತ್ತು ಟೈಲೋಸಿನ್‌ನಂಥ ಔಷಧಗಳ ನಿರೋಧದ ಜೀನ್ ಒಂದೇ ಪ್ಲಾಸ್ಮಿಡ್ಡಿನಲ್ಲಿದ್ದವು, ಟೈಲೋಸಿನ್ ಬಳಕೆಯೋ ನಡೆದೇ ಇತ್ತು. ಜಂಟಿ ಖಾತೆಯ ಜಮೀನಿನಲ್ಲಿ ಒಬ್ಬ ಉಳುತ್ತಿದ್ದರೆ ಮಿಕ್ಕವರ ಪಾಲೂ ಕೈತಪ್ಪುವುದಿಲ್ಲವಲ್ಲ, ಹಾಗೆ. 1998ರಲ್ಲಿ ಬೆಳವಣಿಗೆಗಾಗಿ ಟೈಲೋಸಿನ್ ಕೊಡುವುದೂ ನಿಂತ ಮೇಲೆ ಹಂದಿಗಳಲ್ಲೂ ನಿರೋಧ ಇಳಿಮುಖವಾಯಿತು. ಹಾಗಾಗಿ ನಿಷೇಧ ವ್ಯರ್ಥವೆಂದು ನಾನು ವಾದಿಸುತ್ತಿಲ್ಲ. ಒಂದೊಂದೇ ಔಷಧವನ್ನು ಬಿಡಿಯಾಗಿ ನಿಷೇಧಿಸುವುದು ಹಲವೊಮ್ಮೆ ಸಾಲದು ಎಂಬುದಷ್ಟೇ ನನ್ನ ವಾದ.

ಪ್ಲಾಸ್ಮಿಡ್ಡುಗಳನ್ನು ಹುಟ್ಟಿಸಿದ್ದೇ ಔಷಧಗಳೆಂಬ ಮಾತೂ ನಿಲ್ಲುವುದಿಲ್ಲ. 1917ರಿಂದ 1954ರವರೆಗೆ ಇ.ಜಿ.ಡಿ. ಮರೆ ಸಂಗ್ರಹಿಸಿಟ್ಟಿದ್ದ ಬ್ಯಾಕ್ಟೀರಿಯಗಳನ್ನು ಹ್ಯೂಸ್ ಮತ್ತು ನವೋಮಿ ದತ್ತ 1983ರಲ್ಲಿ ಪರೀಕ್ಷಿಸಿದರು. ಕಾಲು ಭಾಗದಷ್ಟರಲ್ಲಿ ದಾಟಬಲ್ಲ ಪ್ಲಾಸ್ಮಿಡ್ಡುಗಳಿದ್ದವು, ಆದರೆ ಅವುಗಳಲ್ಲಿ ಔಷಧ ನಿರೋಧದ ಜೀನುಗಳಿರಲಿಲ್ಲ. ದಾಟುವ ದಾರಿ ಹಳೆಯದು. ಅದರಲ್ಲಿ ನಿರೋಧವನ್ನು ತುಂಬಿಸಿದ್ದು ನಮ್ಮ ಇಪ್ಪತ್ತನೇ ಶತಮಾನ. ಆ ದಾರಿ ನಮ್ಮ ನೆರೆಮನೆಗೂ ಬೇಗನೆ ಬಂತು: 1972ರಲ್ಲೇ ಕೇರಳದ ಕೋಯಿಕ್ಕೋಡಿನಲ್ಲಿ ಕ್ಲೋರಾಂಫೆನಿಕಾಲ್‌ಗೆ ಬಗ್ಗದ ಟೈಫಾಯ್ಡ್ ರೋಗಾಣು ಸಿಕ್ಕಿತು, ಅದರ ನಿರೋಧವೂ ಕೋಶದಿಂದ ಕೋಶಕ್ಕೆ ದಾಟುವಂಥದ್ದೇ ಆಗಿತ್ತು. ಕೊನೆಯ ಅಸ್ತ್ರಗಳಲ್ಲಿ ಒಂದೆನಿಸಿಕೊಂಡ ಕೊಲಿಸ್ಟಿನ್‌ಗೆ ನಿರೋಧ ಒಡ್ಡುವ ಜೀನ್ ಪ್ಲಾಸ್ಮಿಡ್ ಮೇಲಿರುವುದು ಚೀನಾದಲ್ಲಿ 2015ರಲ್ಲಿ ಬಯಲಾಯಿತು. ಭಾರತ ಕೋಳಿ, ಮೀನು, ಜಾನುವಾರುಗಳ ಸಾಕಣೆಯಲ್ಲಿ ಆ ಔಷಧವನ್ನು ನಿಷೇಧಿಸಿದ್ದು 2019ರಲ್ಲಿ.