ಸೊಲ್ಲು

‘ಬೈದರೂ ಸೊಲ್ಲೆತ್ತಲಿಲ್ಲ’ ಅನ್ನುವಾಗಿನ ಸೊಲ್ಲಿಗೆ ಮಾತು, ದನಿ ಎಂದಷ್ಟೇ ಅರ್ಥ. ತಮಿಳಿನ ‘ಸೊಲ್’, ಮಲಯಾಳದ ‘ಚೊಲ್ಲು’ ಇದರ ಒಡಹುಟ್ಟುಗಳು. ಮಳವಳ್ಳಿ, ಮದ್ದೂರು ಕಡೆಯ ಹಾಡುಗಾರರ ಬಾಯಲ್ಲಿ ಮಾತ್ರ ಅದು ಹಾಡಿನ ಪಲ್ಲವಿ.

ಈ ಹಾಡುಗಾರರಲ್ಲೊಬ್ಬನಾದ ನೀಲಗಾರ ಒಂದು ಕೈಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ ಹಿಡಿದು ಸಂತ ಮಂಟೇಸ್ವಾಮಿಯ ಕಥೆ ಎತ್ತುತ್ತಾನೆ. ಅವನು ನಾಲ್ಕು ನುಡಿ ಹೇಳಿ ನಿಲ್ಲಿಸಿದರೆ ಹಿಮ್ಮೇಳದವರು ಸೊಲ್ಲು ಹಿಡಿಯಬೇಕು. ಅಷ್ಟರಲ್ಲಿ ಅವನಿಗೆ ಉಸಿರೂ ಸಿಕ್ಕಿತು, ಮುಂದಿನ ನುಡಿಯೂ ನೆನಪಾಯಿತು. ಕಥೆ ಗದ್ಯಕ್ಕೆ ಇಳಿದು ಮತ್ತೆ ಹಾಡಿಗೆ ಹೊರಳಿದಾಗ ಸೊಲ್ಲು ಬದಲಾಗುತ್ತದೆ, ಅದರ ಜೊತೆ ಮಟ್ಟೂ.

ಒಂದು ಮಟ್ಟಿನ ಜಾಡು ಹಿಡಿದು ಹೊರಟವರಿಗೆ ತೊಡಕಾಗುವುದು ಇಲ್ಲೇ. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ (1973), ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ, ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಮಂಟೇಸ್ವಾಮಿ’ (1997) ಇಂಥ ಹಾಡುಕಥೆಗಳನ್ನು ಅಚ್ಚಿಗೆ ತಂದ ದಪ್ಪ ದಪ್ಪ ಪುಸ್ತಕಗಳು. ಆದರೆ ಅಚ್ಚಿನಲ್ಲಿ ಉಳಿಯುವುದು ಸಾಹಿತ್ಯ. ರಾಗ, ಎಳೆತ ಕಾಗದಕ್ಕೆ ಹತ್ತುವುದಿಲ್ಲ. ಅದಕ್ಕೆ ಕ್ಯಾಸೆಟ್ಟೇ ಬೇಕು. ಈ ಕಥೆಗಳನ್ನು ಹಾಡಿದ ಮಳವಳ್ಳಿ ಮಹದೇವಸ್ವಾಮಿ ಅವರ ಧ್ವನಿಸುರುಳಿ ಕೇಳಿದರೆ, ಪುಸ್ತಕದಲ್ಲಿ ಸಪ್ಪೆ ಕಾಣುವ ಸಾಲು ಯಾಕೆ ಮತ್ತೆ ಮತ್ತೆ ಬರುತ್ತದೆಂದು ತಟ್ಟನೆ ತಿಳಿಯುತ್ತದೆ. ನನಗಂತೂ ಪುಸ್ತಕಕ್ಕಿಂತ ಕ್ಯಾಸೆಟ್ಟೇ ನಂಬಿಕಸ್ಥ.

ಕಥೆ ಬಿಟ್ಟು ಸೊಲ್ಲೊಂದೇ ಊರು ಸುತ್ತುವುದೂ ಉಂಟು. ಮಾದೇಶ್ವರನಿಗೆ, ಅಂದರೆ ಮಾದಪ್ಪನಿಗೆ, ಮಲ್ಲಿಗೆ ಚೆಲ್ಲುವ ಹಾಡು ಆರ್ಕೆಸ್ಟ್ರಾ ವೇದಿಕೆಯನ್ನೂ ಏರಿದೆ. ಅಲ್ಲಿ ಕುಣಿಯುವವರಲ್ಲಿ ಎಷ್ಟೋ ಮಂದಿ ಮೂಲ ಕಥೆಯನ್ನು ಕೇಳಿಯೇ ಇರುವುದಿಲ್ಲ.