ಕೊಯಮತ್ತೂರು ಸೀಮೆಯ ಚಿತ್ರನಿರೀಕ್ಷೆ

ಇನ್ನೂ ತೆರೆಯನ್ನು ಕಾಣದ ಚಿತ್ರವೊಂದರ ಹೆಸರು ಕಿವಿಗೆ ಬಿದ್ದೊಡನೆಯೇ ಅದರ ನಾಯಕನಾರು, ಸಂಗೀತ ಯಾರದು, ಯಾವ ಹಬ್ಬಕ್ಕೆ ಅದು ಬಿಡುಗಡೆಯಾದೀತು ಎಂದು ದಿನವೆಣಿಸುವ ರಸಿಕನನ್ನು ಹಿರಿಯರು ಹಗುರವಾಗಿ ಕಾಣುವುದುಂಟು. ಆದರೆ ದಕ್ಷಿಣ ಭಾರತದ ಚಿತ್ರೋದ್ಯಮದ ಇತಿಹಾಸವನ್ನು, ಅದರಲ್ಲಿಯೂ ಕೊಯಮತ್ತೂರು ಸೀಮೆಯ ಇತಿಹಾಸವನ್ನು ಅವಲೋಕಿಸಿದವರಿಗೆ, ಆ ಉದ್ಯಮದ ನಿಜವಾದ ಮೂಲಧನವು ಯಂತ್ರವೂ ಅಲ್ಲ, ಹಣವೂ ಅಲ್ಲ, ಈ ನಿರೀಕ್ಷೆಯೇ ಎಂಬುದು ಮನದಟ್ಟಾಗದೆ ಇರದು. ಈ ಸೀಮೆಯು ಕನ್ನಡಿಗರಿಗೆ ಅನ್ಯವೂ ಅಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿದ್ದಿತು. ರಾಜಕುಮಾರರ ಗಾಜನೂರೂ ಅಂದು ಇದೇ ಜಿಲ್ಲೆಯ ಊರು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ನೇಕಾರರೂ ಒಕ್ಕಲಿಗರೂ ಇಂದಿಗೂ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿದ್ದಾರೆ.

ಕಥೆಯು ಆರಂಭವಾಗುವುದು ಸಾಮಿಕಣ್ಣು ವಿನ್ಸೆಂಟ್ ಎಂಬ ಸಾಹಸಿಯಿಂದ. ತಿರುಚಿನಾಪಳ್ಳಿಯಲ್ಲಿ ರೈಲ್ವೆ ನೌಕರನಾಗಿದ್ದ ಈತನು 1905ರಲ್ಲಿ ಡ್ಯೂಪಾಂಟ್ ಎಂಬ ಫ್ರೆಂಚ್ ಪ್ರದರ್ಶಕನಿಂದ ಪ್ರಕ್ಷೇಪಕ ಯಂತ್ರವನ್ನೂ ಕೆಲವು ಮೂಕಚಿತ್ರಗಳನ್ನೂ ಕೊಂಡು, ಉದ್ಯೋಗವನ್ನು ತ್ಯಜಿಸಿ, ಡೇರೆಯೊಡನೆ ದೇಶಾಟನೆಗೆ ಹೊರಟನು. ಸಂಚಾರಿ ಡೇರೆಯವನು ಪ್ರತಿಯೊಂದು ಊರಿನಲ್ಲಿಯೂ ಜನರ ಕುತೂಹಲವನ್ನು ಮೊದಲಿನಿಂದ ಕೆರಳಿಸಬೇಕು; ಅದು ಉಕ್ಕಿ ಇಳಿಯುವಷ್ಟರಲ್ಲಿ ಡೇರೆಯನ್ನು ಕಿತ್ತು ಮುಂದಿನ ಊರಿಗೆ ನಡೆಯಬೇಕು. 1914ರಲ್ಲಿ ವಿನ್ಸೆಂಟನು ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಸ್ಥಿರ ಚಿತ್ರಮಂದಿರವನ್ನು ಕಟ್ಟಿಸಿದಾಗ ಈ ಸ್ಥಿತಿಯು ಬದಲಾಯಿತು. ಡೇರೆಯು ಬಂದಾಗ ನೋಡಿ, ಹೋದಾಗ ಮರೆಯುತ್ತಿದ್ದ ಜನರು ಈಗ ಮುಂದಿನ ಚಿತ್ರವಾವುದೆಂದು ಕೇಳತೊಡಗಿದರು. ಕಾಲಾಂತರದಲ್ಲಿ ಡಿಲೈಟ್ ಎಂದು ಹೆಸರಾದ ಆ ಮಂದಿರದ ಮೂಲನಾಮವನ್ನು ವೆರೈಟಿ ಹಾಲ್ ರಸ್ತೆಯು ಇಂದಿಗೂ ಹೊತ್ತಿದೆ.

ವಾರ್ತೆಯನ್ನು ಹರಡುವ ಸಾಧನಗಳು ಅಂದು ಸರಳವಾಗಿದ್ದುವು. ಬಂಡಿಯ ಎರಡು ಪಕ್ಕಗಳಿಗೂ ಬಣ್ಣದ ಚಿತ್ರಫಲಕಗಳನ್ನು ಕಟ್ಟಿ, ತಮಟೆ ಬಾರಿಸುತ್ತ, ತೆಳುಕಾಗದದ ಕರಪತ್ರಗಳನ್ನು ಎರಚುತ್ತ ಹೋಗುತ್ತಿದ್ದರೆ ಮಕ್ಕಳು ಹಿಂದೆ ಓಡುತ್ತಿದ್ದರು. ವಾಕ್ಚಿತ್ರಗಳು ಬಂದ ಮೇಲೆ ಹಾಡಿನ ಪುಸ್ತಕವು ಇದಕ್ಕೆ ಜೊತೆಯಾಯಿತು. ಮಂದಿರದ ಬಾಗಿಲಲ್ಲಿ ಅಲ್ಪ ಬೆಲೆಗೆ ದೊರೆಯುತ್ತಿದ್ದ ಆ ಪುಸ್ತಿಕೆಯಲ್ಲಿ ಪಾತ್ರವರ್ಗದ ಪಟ್ಟಿ, ಹಾಡುಗಳು, ಕಥಾಸಾರ ಎಲ್ಲವೂ ಇರುತ್ತಿದ್ದುವು. ಆದರೆ ಕಥಾಸಾರವು ನಾಯಿಕೆಯ ಸಂಕಟವು ಪರಾಕಾಷ್ಠೆಯನ್ನು ಮುಟ್ಟಿದಲ್ಲಿಗೆ ತಟಕ್ಕನೆ ನಿಂತು, ಉಳಿದುದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಹೇಳುತ್ತಿತ್ತು. ಹಿಂಬದಿಯ ರಕ್ಷಾಪುಟದಲ್ಲಿ ಅದೇ ಸಂಸ್ಥೆಯ ತಯಾರಿಕೆಯಲ್ಲಿರುವ ಮುಂದಿನ ಚಿತ್ರದ ಪ್ರಕಟಣೆಯಿರುತ್ತಿತ್ತು. ಹೀಗೆ ಒಂದು ಚಿತ್ರದ ತೃಪ್ತಿಯಲ್ಲಿಯೇ ಇನ್ನೊಂದರ ಹಂಬಲವನ್ನು ಬಿತ್ತುವ ವಿದ್ಯೆಯನ್ನು ನಮ್ಮ ವ್ಯಾಪಾರಿಗಳು ಬಹು ಹಿಂದೆಯೇ ಕರಗತ ಮಾಡಿಕೊಂಡಿದ್ದರು.

ಈ ಹಂಬಲಕ್ಕೆ ಬಲವಾದ ಆಶ್ರಯವನ್ನಿತ್ತುದು ಹತ್ತಿ ಮತ್ತು ವಿದ್ಯುಚ್ಛಕ್ತಿ. 1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಬಯಲಿಗಿಳಿದ ಮೇಲೆ ನೂಲಿನ ಗಿರಣಿಗಳು ಬೆಳೆದು, ತಿಂಗಳ ಕೂಲಿಯನ್ನೆಣಿಸಿ ಸಂಜೆಯ ಆಟಕ್ಕೆ ಹೋಗಬಲ್ಲ ಕಾರ್ಮಿಕ ಸಮೂಹವೊಂದು ನಿರ್ಮಾಣವಾಯಿತು. ಅದೇ ದಶಕದಲ್ಲಿ ರಂಗಸ್ವಾಮಿ ನಾಯ್ಡು, ಶ್ರೀರಾಮುಲು ನಾಯ್ಡು ಮೊದಲಾದವರ ಉದ್ಯಮದಿಂದ ಸೆಂಟ್ರಲ್ ಸ್ಟುಡಿಯೋ ತಲೆಯೆತ್ತಿತು. 1945ರಲ್ಲಿ ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜಾ ಸ್ಟುಡಿಯೋ ಸ್ಥಾಪಿತವಾಯಿತು. ಇಂದು ತಿರುಪ್ಪೂರು ಜಿಲ್ಲೆಗೆ ಸೇರಿರುವ ಉಡುಮಲಪೇಟೆಯ ಕಡೆಯ ನಾರಾಯಣ ಕವಿಯವರು ತಮಿಳು ಚಿತ್ರಗಳ ಗೀತಕಾರರಾಗಿ ಹೆಸರಾದರು. ಚಿತ್ರವನ್ನು ಕಾಯುವವನೂ ಅದನ್ನು ತಯಾರಿಸುವವನೂ ಒಂದೇ ಊರಿನ ಬೀದಿಗಳಲ್ಲಿ ಎದುರುಬದುರಾಗುವ ಸೌಭಾಗ್ಯವು ಮದರಾಸಿನ ಹೊರಗೆ ತಮಿಳುನಾಡಿನ ಕೆಲವೇ ಪಟ್ಟಣಗಳಿಗೆ ದೊರೆತುದು.

ನಿರೀಕ್ಷೆಯ ಶಕ್ತಿಯು ಎಷ್ಟೆಂಬುದನ್ನು 1944ನೆಯ ಇಸವಿಯು ತೋರಿಸಿಕೊಟ್ಟಿತು. ಮಂಗಳೂರು ಮೂಲದ ಸುಂದರರಾವ್ ನಾಡಕರ್ಣಿಯವರ ನಿರ್ದೇಶನದಲ್ಲಿ, ಸೆಂಟ್ರಲ್ ಸ್ಟುಡಿಯೋದಲ್ಲಿ ಸಿದ್ಧವಾದ ‘ಹರಿದಾಸ್’ ಆ ವರ್ಷದ ದೀಪಾವಳಿಗೆ ಬಿಡುಗಡೆಯಾಗಿ, ಮದರಾಸಿನ ಬ್ರಾಡ್ವೇ ಮಂದಿರದಲ್ಲಿ ಮೂರು ದೀಪಾವಳಿಗಳನ್ನು ಕಂಡಿತು. ಅದರ ನಾಯಕ ತ್ಯಾಗರಾಜ ಭಾಗವತರ ಮುಂದಿನ ಚಿತ್ರಗಳಿಗಾಗಿ ನಾಡೇ ಕಾತರಿಸುತ್ತಿದ್ದಾಗ, ಕೆಲವೇ ವಾರಗಳಲ್ಲಿ ಪತ್ರಕರ್ತ ಲಕ್ಷ್ಮೀಕಾಂತನ್ ಅವರ ಕೊಲೆ ಮೊಕದ್ದಮೆಯಲ್ಲಿ ಅವರ ಬಂಧನವಾಯಿತು. 1947ರಲ್ಲಿ ನಿರ್ದೋಷಿಯೆನಿಸಿ ಹೊರಬರುವವರೆಗೆ ಅವರು ಒಪ್ಪಿಕೊಂಡಿದ್ದ ಚಿತ್ರಗಳು ಅವರಿಗಾಗಿ ನಿಲ್ಲುವಂತಿರಲಿಲ್ಲ. ಅಂಥ ಸಂದರ್ಭದಲ್ಲಿ ಆ ತೆರವಾದ ಸ್ಥಾನಕ್ಕೆ ಬಂದವರಲ್ಲಿ ಪ್ರಮುಖರು ನೆಲಮಂಗಲದ ಸೀಮೆಯ ಚೌಡಸಂದ್ರದಲ್ಲಿ ಜನಿಸಿದ ನಮ್ಮ ಹೊನ್ನಪ್ಪ ಭಾಗವತರು. ತ್ಯಾಗರಾಜ ಭಾಗವತರಿಗೆಂದು ಯೋಜಿಸಿದ್ದ ‘ವಾಲ್ಮೀಕಿ’, ‘ಶ್ರೀ ಮುರುಗನ್’ ಎಂಬ ಚಿತ್ರಗಳಲ್ಲಿ ಅವರೇ ನಾಯಕರಾದರು. ಎರಡೂ 1946ರಲ್ಲಿ ತೆರೆಗೆ ಬಂದುವು. ಒಬ್ಬ ಗಾಯಕನ ಕಂಠಕ್ಕಾಗಿ ಕಾದಿದ್ದ ಜನರ ಮುಂದೆ, ಬೇರೆ ನಾಡಿನಿಂದ ಬಂದು ನಿಂತು, ಹಾಡಿ ಒಪ್ಪಿಸುವುದು ಸಾಮಾನ್ಯ ಪರೀಕ್ಷೆಯಲ್ಲ. ಮುಂದೆ ಕನ್ನಡಕ್ಕೆ ‘ಮಹಾಕವಿ ಕಾಳಿದಾಸ’ವನ್ನು ಕೊಟ್ಟು, ಅದರಲ್ಲಿ ಬಿ. ಸರೋಜಾದೇವಿಯವರನ್ನು ಪರಿಚಯಿಸಿದ ಈ ಮಹನೀಯರು ತಮಿಳು ರಸಿಕರ ಎದುರಿಗೂ ಹೀಗೆ ಪಳಗಿದವರೆಂಬುದನ್ನು ನಾವು ಅಭಿಮಾನದಿಂದ ನೆನೆಯಬೇಕು.

ಹತ್ತು ವರ್ಷಗಳೊಳಗೆ ಕೊಯಮತ್ತೂರಿನ ನಿರೀಕ್ಷೆಯು ಭಾಷೆಯ ಗಡಿಗಳನ್ನೇ ದಾಟಿತು. ನಾಮಕ್ಕಲ್ ರಾಮಲಿಂಗಂ ಪಿಳ್ಳೆಯವರ ಕಾದಂಬರಿಯನ್ನಾಧರಿಸಿ ಶ್ರೀರಾಮುಲು ನಾಯ್ಡು ಅವರು 1954ರಲ್ಲಿ ತೆರೆಗೆ ತಂದ ‘ಮಲೈಕ್ಕಳ್ಳನ್’, ತೆಲುಗಿನಲ್ಲಿ ‘ಅಗ್ಗಿರಾಮುಡು’, ಹಿಂದಿಯಲ್ಲಿ ‘ಆಜಾದ್’, ಮಲಯಾಳದಲ್ಲಿ ‘ತಸ್ಕರವೀರನ್’, ಸಿಂಹಳದಲ್ಲಿ ‘ಸೂರಸೇನ’ ಆಯಿತು. 1957ರಲ್ಲಿ ಕಲ್ಯಾಣಕುಮಾರರು ನಟಿಸಿದ ‘ಬೆಟ್ಟದ ಕಳ್ಳ’ನಾಗಿ ಕನ್ನಡಕ್ಕೂ ಬಂದಿತು. ಒಂದೇ ಕಥೆಗಾಗಿ ಆರು ಭಾಷೆಗಳ ಜನರು ಸರದಿಯಾಗಿ ಕಾದುದು ಈ ಊರಿನ ಒಂದು ಸ್ಟುಡಿಯೋದ ದೆಸೆಯಿಂದ.

ಅನಂತರ ನಟರೂ ತಂತ್ರಜ್ಞರೂ ಮದರಾಸಿನಲ್ಲಿ ನೆಲೆಯೂರಿದಂತೆ ಕೊಯಮತ್ತೂರಿನ ಸ್ಟುಡಿಯೋಗಳು ಬರಿದಾದುವು. ಕಾಯುವ ಜನ ಮಾತ್ರ ಬರಿದಾಗಲಿಲ್ಲ. ಇಂದಿನ ತಿರುಪ್ಪೂರಿನ ಬನಿಯನ್ ಕಾರ್ಖಾನೆಯ ಹುಡುಗನು ಕೈಯ ಫೋನಿನಲ್ಲಿ ಬರಲಿರುವ ಚಿತ್ರದ ತುಣುಕನ್ನು ಮರುಮರಳಿ ನೋಡುವಾಗ, ಬಂಡಿಯ ಹಿಂದೆ ಓಡಿದ ಬಾಲಕನ ಸಂಪ್ರದಾಯವನ್ನೇ ಮುಂದುವರಿಸುತ್ತಿರುವನು. ಅವನ ಉತ್ಸಾಹವನ್ನು ನಾವು ಹೀನೈಸಬಾರದು. ವೆರೈಟಿ ಹಾಲನ್ನು ಎಬ್ಬಿಸಿದುದೂ, ಸೆಂಟ್ರಲ್ ಸ್ಟುಡಿಯೋವನ್ನು ನಡೆಸಿದುದೂ, ಹೊನ್ನಪ್ಪನವರನ್ನು ಕರೆತಂದುದೂ ಅದೇ ಉತ್ಸಾಹ.

ಆ ಕಾಲದ ಚಿತ್ರಗಳಲ್ಲಿ ಹಲವು ನಾಶವಾಗಿವೆ. ಅವುಗಳಿಗೆ ಸಾಕ್ಷಿಯಾಗಿ ಉಳಿದಿರುವುವು ಬಹುಮಟ್ಟಿಗೆ ಕರಪತ್ರಗಳೂ ಹಾಡಿನ ಪುಸ್ತಕಗಳೂ ಮಾತ್ರ. ಕೊಳ್ಳೇಗಾಲದಲ್ಲಾಗಲಿ, ಉಡುಮಲಪೇಟೆಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಅಂಥದೊಂದು ಪುಸ್ತಿಕೆಯು ದೊರೆತರೆ ಓದುಗರು ಅದನ್ನು ರದ್ದಿಗೆ ಹಾಕದೆ, ಚೆನ್ನೈನ ರೋಜಾ ಮುತ್ತಯ್ಯ ಗ್ರಂಥಾಲಯದಂತಹ ಅಥವಾ ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದಂತಹ ಸಂಸ್ಥೆಗೆ ಒಪ್ಪಿಸಬೇಕೆಂದು ನನ್ನ ವಿನಂತಿ.